ಇಂದುಮತಿ ಮೇಡಂ ಅವರ ತಿರುವುಮುರುವು ಕ್ಲಾಸು

ನಮ್ಮೂರಿನಲ್ಲಿ ಒಬ್ಬರು ಆಡಿದ ಮಾತು ನಾಲ್ಕು ಜನಕ್ಕಿಂತ ಹೆಚ್ಚು ಮಂದಿಗೆ ಕೇಳಿಸುವುದಿಲ್ಲ. ಹತ್ತಿರ ಇರುವ ನಾಲ್ವರಿಗೆ ಕೇಳಿಸುತ್ತದೆ. ಐದನೆಯವರಿಗೆ ಬಾಯಿ ಆಡುವುದಷ್ಟೇ ಕಾಣುತ್ತದೆ. ಕಿರುಚಿದರೂ ಅಷ್ಟೇ, ಮೈಕು ಹಿಡಿದರೂ ಅಷ್ಟೇ. ಹುಟ್ಟಿದಾಗಿನಿಂದ ಹೀಗೇ ನೋಡಿರುವುದರಿಂದ ನಮಗೆ ಇದೊಂದು ದೊಡ್ಡ ಸಂಗತಿಯಲ್ಲ. ಮದುವೆಯಲ್ಲಿ ಅಯ್ಯನವರು ಎಡಗೈ ಎತ್ತಿದರೆ ಅಕ್ಕಿಕಾಳು ಹಾಕುತ್ತೇವೆ. ತರಕಾರಿ ಮಾರುವವಳು ನಾಲ್ಕು ಮನೆಗೊಮ್ಮೆ ಗಾಡಿ ನಿಲ್ಲಿಸಿ ಕೂಗುತ್ತಾಳೆ. ದೊಡ್ಡ ಮನೆಗಳಲ್ಲಿ ಪಂಕ್ತಿಯ ಕೊನೆಯಲ್ಲಿ ಕೂತವರಿಗೆ ಉಪ್ಪು ಬೇಕಾದರೆ ನಡುವೆ ಇಬ್ಬರು ಮಾತನ್ನು ದಾಟಿಸಬೇಕು. ‘ದಾಟಿಸು’ ಎಂಬುದನ್ನು ನಮ್ಮ ಮಕ್ಕಳು ‘ಅವ್ವ’ ಎಂದ ಮೇಲೆ ಬೇಗನೆ ಕಲಿಯುತ್ತವೆ.

ಶಾಲೆಯಲ್ಲೂ ಇದೇ ಕ್ರಮ. ಮಾಸ್ತರರು ಮುಂದಿನ ಬೆಂಚಿನ ನಾಲ್ವರಿಗೆ ಪಾಠ ಹೇಳುತ್ತಾರೆ. ಆ ನಾಲ್ವರು ಹಿಂದಕ್ಕೆ ತಿರುಗಿ ಎರಡನೇ ಬೆಂಚಿಗೆ ದಾಟಿಸುತ್ತಾರೆ, ಎರಡನೆಯವರು ಮೂರನೆಯವರಿಗೆ. ನಾನು ಏಳನೇ ಇಯತ್ತೆಯಲ್ಲಿದ್ದಾಗ, ಕೋಟೆಯ ಬಾಗಿಲು ಉತ್ತರಕ್ಕಿದೆ ಎಂದು ಮಾಸ್ತರರು ಹೇಳಿದ್ದು ಕೊನೆಯ ಬೆಂಚಿಗೆ ಬರುವಷ್ಟರಲ್ಲಿ ಕೋಟೆಯ ಬಾಗಿಲು ಉತ್ತರ ಕೊಡುತ್ತದೆ ಎಂದಾಗಿತ್ತು. ನಾವು ಪರೀಕ್ಷೆಯಲ್ಲಿ ಹಾಗೇ ಬರೆದೆವು. ಹೊರಗಿನ ಊರಿನಲ್ಲಿ ಪೇಪರು ತಿದ್ದಿದವರು ಎಷ್ಟು ನಕ್ಕರೋ ಏನೋ, ಸೊನ್ನೆ ಮಾತ್ರ ಕೊಟ್ಟು ಕಳಿಸಿದ್ದರು.

ನನ್ನ ಹೆಸರು ನೀಲಗಂಗಾ. ಊರ ಹೊರಗಿರುವ, ನೆಲಕ್ಕೆ ಹಾಸುವ ಕಲ್ಲು ಕೊಯ್ಯುವ ಏಳು ಫರಸಿ ಕಾರ್ಖಾನೆಗಳಲ್ಲಿ ಒಂದರಲ್ಲಿ ನನಗೆ ಕೆಲಸ. ಬಂಡೆಯ ಹಾಸುಗಳ ಮೇಲೆ ಸೀಮೆಸುಣ್ಣದಿಂದ ಅಳತೆಯ ಗೆರೆ ಹಾಕುವುದು, ಆ ಗೆರೆಯ ಮೇಲೆ ಮಷಿನ್ನು ಕೊಯ್ಯುವುದು. ಮದುವೆಯಾಗಿ ಮಗಳು ಶಾಲೆಗೆ ಹೋಗತೊಡಗಿದ ಮೇಲೆ, ಮೂವತ್ತಮೂರನೇ ವಯಸ್ಸಿಗೆ, ಕೆಲಸಗಾರರಿಗೆಂದೇ ಭಾನುವಾರ ನಡೆಯುವ ಕಾಲೇಜಿಗೆ ಬಿ.ಎ. ಸೇರಿದೆ. ಕೊನೆಯ ವರ್ಷದಲ್ಲಿ ‘ಶೈಕ್ಷಣಿಕ ಬರವಣಿಗೆ’ ಎಂಬ ಒಂದು ಪೇಪರಿದೆ. ಒಂದು ವಿಷಯ ಆರಿಸಿಕೊಂಡು, ಸ್ವತಃ ಅಧ್ಯಯನ ಮಾಡಿ, ಆಧಾರ ಸಮೇತ ವರದಿ ಬರೆಯಬೇಕು. ಹನ್ನೊಂದು ವರ್ಷದಿಂದ ನಮ್ಮೂರಿನ ಯಾರೂ ಅದರಲ್ಲಿ ಪಾಸಾಗಿರಲಿಲ್ಲ. ಉಳಿದೆಲ್ಲ ಮುಗಿಸಿ ಅದೊಂದರಲ್ಲೇ ನಿಂತವರು ಓಣಿಗೆ ಇಬ್ಬರಾದರೂ ಸಿಗುತ್ತಿದ್ದರು.

ನಾನು ಆ ವರ್ಷಕ್ಕೆ ಬರುವ ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ಚಿಂತೆ ಇತ್ತು. ನನ್ನ ನೆಗೆಣ್ಣಿ ಬಸಲಿಂಗವ್ವ, ಅಂದರೆ ಗಂಡನ ಅಣ್ಣನ ಹೆಂಡತಿ, ಒಂದೂವರೆ ವರ್ಷದಿಂದ ಕೆಮ್ಮುತ್ತಿದ್ದಳು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನನ್ನನ್ನು ಓದಲು ಬಿಡಿ ಎಂದು ಅತ್ತೆಯೊಂದಿಗೆ ಜಗಳವಾಡಿದವಳು ಅವಳೇ. ಅವಳೂ ಫರಸಿ ಕಾರ್ಖಾನೆಯವಳು. ಅವಳಿಗೆ ಎರಡು ಮೆಟ್ಟಿಲು ಹತ್ತಿದರೆ ಮೂರನೆಯದಕ್ಕೆ ಉಸಿರು ಸಾಲುತ್ತಿರಲಿಲ್ಲ. ಅವಳಂತೆ ಕೆಮ್ಮುವವರು ಎಷ್ಟೋ ಜನ ಇದ್ದರು. ದೂಳಿನಿಂದಲೇ ಹೀಗಾಗುವುದು ಎಂದು ನಮಗೆಲ್ಲ ಅನ್ನಿಸಿತ್ತು. ಆದರೆ ಯಾರಾದರೂ ಒಬ್ಬಳು ಹೋಗಿ ಕಾರ್ಖಾನೆಯ ಸಾವಕಾರರಿಗೆ ಹೇಳಿದರೆ, “ಮತ್ತ ಯಾರೂ ಹೇಳಿಲ್ಲಲ್ಲವ್ವ, ನಿನಗೊಬ್ಬಾಕಿಗೇ ಯಾಕ?” ಎನ್ನುತ್ತಿದ್ದರು. ಅವರು ಸುಳ್ಳು ಹೇಳುತ್ತಿದ್ದರು ಎಂದಲ್ಲ. ಎಲ್ಲರೂ ಸೇರಿ ಒಮ್ಮೆಲೇ ಹೇಳುವುದು ನಮ್ಮೂರಿನಲ್ಲಿ ಸಾಧ್ಯವೇ ಇರಲಿಲ್ಲ.

ಆ ವರ್ಷವೇ ಇಂದುಮತಿ ಮೇಡಂ ದಕ್ಷಿಣದ ಕಡೆಯಿಂದ ವರ್ಗವಾಗಿ ಬಂದರು. ಐವತ್ತರ ಹತ್ತಿರದ ವಯಸ್ಸು, ಗಿಡ್ಡ ಆಳು, ದಪ್ಪ ಕನ್ನಡಕ. ಮೊದಲ ಭಾನುವಾರ ವೇದಿಕೆಯ ಮೇಲೆ ನಿಂತು ಒಂದು ತಾಸು ಪಾಠ ಮಾಡಿದರು. ಅವರ ಕೈ, ಕಣ್ಣು, ಹುಬ್ಬು ಎಲ್ಲವೂ ಮಾತಾಡುತ್ತಿದ್ದವು. ನಾವು ಮೂವತ್ತೆರಡು ಜನ ಇದ್ದೆವು, ಕೇಳಿಸಿದ್ದು ನಾಲ್ವರಿಗೆ. ದಾಟಿಸುವುದಕ್ಕೂ ಅವರು ಬಿಡುವು ಕೊಡಲಿಲ್ಲ. ಕೊನೆಗೆ ಐದನೇ ಬೆಂಚಿನಲ್ಲಿದ್ದ ನನ್ನ ಹತ್ತಿರ ಬಂದು ಕೇಳಿದರು.

“ನೀವು ಹೇಳಿ, ವರದಿಯಲ್ಲಿ ಆಧಾರ ಯಾಕೆ ಬೇಕು?”

“ನಿಮ್ಮ ಮಾತು ನಂಗ ಈಗ ಮೊದಲನೇ ಸಲ ಕೇಳಾಕತ್ತೈತ್ರಿ ಮೇಡಂ” ಎಂದೆ.

ಅವರಿಗೆ ಸಿಟ್ಟು ಬರಬಹುದೆಂದುಕೊಂಡೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಮುಂದಿನ ಬೆಂಚಿನ ಒಬ್ಬನನ್ನು ಕರೆದು ವೇದಿಕೆಯ ಮೇಲೆ ನಿಂತು ಪುಸ್ತಕ ಓದಲು ಹೇಳಿದರು. ತಾವು ಹೋಗಿ ಕೊನೆಯ ಬೆಂಚಿನಲ್ಲಿ ಕೂತರು. ಅವನು ಒಂದು ಪುಟ ಓದುವವರೆಗೆ ಅಲ್ಲೇ ಕೂತಿದ್ದರು. ಎದ್ದವರು ಎಲ್ಲರ ಫೋನ್ ನಂಬರು ಬರೆದುಕೊಂಡು ಹೋದರು.

ಬುಧವಾರ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಫೋನಿಗೆ ಒಂದು ವಿಡಿಯೊ ಬಂತು. ಹನ್ನೊಂದು ನಿಮಿಷದ್ದು. ಮೇಡಂ ತಮ್ಮ ಬಾಡಿಗೆ ಮನೆಯ ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲೆಲ್ಲೋ ಕುಕ್ಕರ್ ಕೂಗಿತು, ಅವರು ಸುಮ್ಮನಾಗಿ ಅದು ಮುಗಿಯುವವರೆಗೆ ಕಾದು ಮುಂದುವರಿಸಿದರು. ಫೋನಿನಿಂದ ಬರುವ ದನಿಗೂ ನಮ್ಮೂರಿನಲ್ಲಿ ಅದೇ ಕಟ್ಟು, ನಾಲ್ವರಿಗಷ್ಟೇ ಕೇಳಿಸುತ್ತದೆ. ಆದರೆ ಮೂವತ್ತೆರಡು ಮನೆಯಲ್ಲಿ ಮೂವತ್ತೆರಡು ಫೋನು. ಇಷ್ಟು ವರ್ಷ ನಾವು ಅದರಲ್ಲಿ ಹಾಡು ಕೇಳಿದ್ದೆವು, ಸಿನಿಮಾ ನೋಡಿದ್ದೆವು. ಪಾಠವನ್ನು ಹೀಗೆ ಮನೆಗೆ ಕಳಿಸಬಹುದೆಂದು ಯಾವ ಮಾಸ್ತರರಿಗೂ ಹೊಳೆದಿರಲಿಲ್ಲ. ಒಬ್ಬರ ಬಾಯಿಂದ ಹೊರಟ ಪಾಠ ನಡುವೆ ಯಾರೂ ದಾಟಿಸದೆ ನೇರವಾಗಿ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಒಂದು ಕಡೆ ಅರ್ಥವಾಗಲಿಲ್ಲ. ಹಿಟ್ಟಿನ ಬೆರಳಿನಿಂದಲೇ ಹಿಂದಕ್ಕೆ ಎಳೆದು ಮತ್ತೆ ಕೇಳಿದೆ. ಮತ್ತೆ ಎಳೆದೆ. ಅವರು ಬೇಸರಪಡದೆ ಅದನ್ನೇ ಮೂರು ಸಲ ಹೇಳಿದರು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

“ಎಲ್ಲರೂ ಹೇಳುತ್ತಾರೆ ಅನ್ನೋದು ಆಧಾರ ಅಲ್ಲ” ಎನ್ನುತ್ತಿದ್ದರು. “ಯಾರು ಹೇಳಿದರು, ಯಾವಾಗ, ಎಷ್ಟು ಜನ, ಅದನ್ನ ನೀವು ಹೇಗೆ ತಿಳಿದುಕೊಂಡಿರಿ, ಅಷ್ಟನ್ನೂ ಹೇಳಿದರೆ ಮಾತ್ರ ನಿಮ್ಮನ್ನ ನೋಡದೆ ಇರೋರು ನಿಮ್ಮ ಮಾತನ್ನ ನಂಬಬಹುದು. ಭಾನುವಾರ ಬರುವಾಗ ನಿಮ್ಮ ವಿಷಯದ ಮೊದಲ ಪ್ಯಾರಾ ಯೋಚಿಸಿಕೊಂಡು ಬನ್ನಿ. ಬರೆಯೋದು ಇಲ್ಲೇ, ನನ್ನೆದುರು.”

ಭಾನುವಾರ ಹೋದರೆ ವೇದಿಕೆಯ ಮೇಲಿನ ಮೇಜು ಕೆಳಗೆ ಬಂದಿತ್ತು. ಬೆಂಚುಗಳನ್ನು ಎದುರುಬದುರು ಹಾಕಿ ನಾಲ್ವರಂತೆ ಎಂಟು ಗುಂಪು ಮಾಡಿದ್ದರು. ನಾವು ಬರೆಯುತ್ತ ಕೂತೆವು. ಮೇಡಂ ಒಂದೊಂದು ಗುಂಪಿನ ನಡುವೆ ಸ್ಟೂಲು ಎಳೆದುಕೊಂಡು ಕೂತು, ಬರೆದದ್ದನ್ನು ಓದಿ, ಕಾಲು ತಾಸು ಮಾತಾಡಿ, ಸ್ಟೂಲನ್ನೂ ಎತ್ತಿಕೊಂಡು ಮುಂದಿನ ಗುಂಪಿಗೆ ಹೋಗುತ್ತಿದ್ದರು. ಎಂಟು ಗುಂಪಿಗೆ ಎರಡು ತಾಸು. ಮತ್ತೆ ಮೊದಲಿನಿಂದ ಇನ್ನೊಂದು ಸುತ್ತು. ಮನೆಯಲ್ಲಿ ಕೇಳಬೇಕಾದ್ದನ್ನು ಕ್ಲಾಸಿನಲ್ಲಿ, ಕ್ಲಾಸಿನಲ್ಲಿ ಮಾಡಬೇಕಾದ್ದನ್ನು ಮನೆಯಲ್ಲಿ ಮಾಡುವ ಹಳೆಯ ಕ್ರಮವನ್ನು ಅವರು ತಿರುಗಿಸಿದ್ದರು. ಊರಿನಲ್ಲಿ ಅದಕ್ಕೆ ‘ತಿರುವುಮುರುವು ಕ್ಲಾಸು’ ಎಂದು ಹೆಸರಾಯಿತು. ಮೊದಮೊದಲು ಜನ ನಕ್ಕರು. “ಪಾಠಾ ಫೋನು ಹೇಳ್ತದ, ಬರಿಯೋದು ಹುಡುಗರು ಬರೀತಾವ, ಮೇಡಂಗ ಪಗಾರ ಯಾತಕ್ಕ?” ಎಂದು ಚಹಾದಂಗಡಿಯಲ್ಲಿ ಆಡಿಕೊಂಡರು. ಆ ಮೇಡಂ ಭಾನುವಾರ ಮಧ್ಯಾಹ್ನದ ಬುತ್ತಿಯನ್ನು ಸಂಜೆ ನಾಲ್ಕಕ್ಕೆ ಬಿಚ್ಚುತ್ತಿದ್ದರು ಎಂಬುದು ನಮಗಷ್ಟೇ ಗೊತ್ತಿತ್ತು.

ನಾನು ಬರೆದ ಮೊದಲ ಪ್ಯಾರಾ ನನಗೆ ಇಂದಿಗೂ ಬಾಯಿಪಾಠ. ‘ಅನಾದಿಕಾಲದಿಂದಲೂ ಮಹಿಳೆಯು ತ್ಯಾಗದ ಪ್ರತಿರೂಪವಾಗಿ, ಕಷ್ಟಕೋಟಲೆಗಳ ಕಡಲಿನಲ್ಲಿ ಈಜುತ್ತಾ ಬಂದಿರುವುದು ಸರ್ವವಿದಿತ.’ ಬರೆದಾಗ ಬಹಳ ಚಂದ ಕಂಡಿತ್ತು. ಮೇಡಂ ಓದಿದರು.

“ನೀಲಗಂಗಾ, ಅನಾದಿಕಾಲ ಅಂದ್ರೆ ಯಾವ ವರ್ಷ?”

ಗುಂಪಿನಲ್ಲಿದ್ದ ಮೂವರೂ ನಕ್ಕರು. ನನ್ನ ಮುಖ ಕೆಂಪಾಯಿತು.

“ನಿಮ್ಮನ್ನ ಗೇಲಿ ಮಾಡ್ತಿಲ್ಲಮ್ಮ. ಈ ವಾಕ್ಯವನ್ನ ನೀವು ಎಲ್ಲೋ ಓದಿದೀರಿ, ಇದು ನಿಮ್ಮದಲ್ಲ. ನಿನ್ನೆ ಕೆಲಸಕ್ಕೆ ಹೋಗಿದ್ರಿ ಅಲ್ವಾ? ಅಲ್ಲಿ ಏನು ನೋಡಿದ್ರಿ?”

“ಅದನ್ನೆಲ್ಲಾ ಹ್ಯಾಂಗ ಬರಿಯೋದ್ರಿ? ಅದು ಬರಿಯೋವಂಥಾದ್ದಲ್ಲ.”

“ಅದೇ ಬರೆಯೋವಂಥದ್ದು.”

ನಾನು ಗೆರೆ ಹೊಡೆದು ಬರೆದೆ. ‘ನಿನ್ನೆ ಮೂರನೇ ಮಷಿನ್ನಿನ ಹತ್ತಿರ ಹನ್ನೊಂದು ಹೆಂಗಸರು ಕೆಲಸ ಮಾಡುತ್ತಿದ್ದರು. ಒಂದು ತಾಸಿನಲ್ಲಿ ಅವರಲ್ಲಿ ಎಂಟು ಜನ ಕೆಮ್ಮಿದರು.’ ಮೇಡಂ ಅದನ್ನು ಎರಡು ಸಲ ಓದಿದರು. ಹೊಗಳಲಿಲ್ಲ. “ಇನ್ನುಳಿದ ಮಷಿನ್ ಹತ್ರ ಎಷ್ಟು ಜನ?” ಎಂದು ಕೇಳಿ ಸ್ಟೂಲು ಎತ್ತಿಕೊಂಡು ಎದ್ದುಹೋದರು.

ಆ ಪ್ರಶ್ನೆಯ ಹಿಂದೆ ನಾನು ನಾಲ್ಕು ತಿಂಗಳು ನಡೆದೆ. ಊಟದ ಬಿಡುವಿನಲ್ಲಿ, ಕೆಲಸ ಬಿಟ್ಟು ಮನೆಗೆ ಹೋಗುವ ದಾರಿಯಲ್ಲಿ, ನೀರಿನ ನಲ್ಲಿಯ ಹತ್ತಿರ, ಏಳೂ ಕಾರ್ಖಾನೆಯ ಅರವತ್ತೆರಡು ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿದೆ. ಎಲ್ಲರಿಗೂ ಅವೇ ಏಳು ಪ್ರಶ್ನೆ, ಅದೇ ಕ್ರಮದಲ್ಲಿ. ಹೀಗೇ ಕೇಳಬೇಕು ಎಂದು ಮೇಡಂ ಒಂದು ಬುಧವಾರದ ಪಾಠದಲ್ಲಿ ಹೇಳಿದ್ದರು. ಏಳು ಕಾರ್ಖಾನೆಗಳಲ್ಲಿ ಮೂರರಲ್ಲಿ ಕೊಯ್ಯುವಾಗ ಕಲ್ಲಿನ ಮೇಲೆ ನೀರು ಬಿಡುತ್ತಿದ್ದರು, ನಾಲ್ಕರಲ್ಲಿ ಒಣಗಲ್ಲನ್ನೇ ಕೊಯ್ಯುತ್ತಿದ್ದರು. ಒಣಗಲ್ಲಿನ ನಲವತ್ತು ಹೆಂಗಸರಲ್ಲಿ ಇಪ್ಪತ್ತೊಂಬತ್ತು ಜನಕ್ಕೆ ತಿಂಗಳುಗಟ್ಟಲೆ ಬಿಡದ ಕೆಮ್ಮು. ನೀರಿನ ಕಾರ್ಖಾನೆಗಳ ಇಪ್ಪತ್ತೆರಡರಲ್ಲಿ ಐದೇ ಜನಕ್ಕೆ.

ಎಣಿಕೆ ಮುಗಿದ ದಿನ ಬಹಳ ಖುಷಿಯಾಯಿತು. ಮರುಕ್ಷಣವೇ ನೀರಿನ ಕಾರ್ಖಾನೆಗಳ ಹಾಳೆಗಳನ್ನು ಮತ್ತೆ ತಿರುವಿ ನೋಡಿದೆ. ಆ ಐವರಲ್ಲಿ ಒಬ್ಬಳು ಬಸಲಿಂಗವ್ವ. ಅವಳು ದುಡಿದದ್ದೆಲ್ಲ ನೀರಿನ ಕಾರ್ಖಾನೆಯಲ್ಲೇ. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಕೆಮ್ಮುವವಳು, ನಾನು ಯಾರಿಗಾಗಿ ಇದನ್ನು ಬರೆಯಲು ಕೂತಿದ್ದೆನೋ ಅವಳು, ನನ್ನ ವಾದಕ್ಕೆ ಅಡ್ಡ ನಿಂತಿದ್ದಳು. ಅವಳನ್ನು ಬಿಟ್ಟರೆ ನಾಲ್ಕೇ ಜನ ಆಗುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ. ನಾನು ಅವಳ ಹಾಳೆಯನ್ನು ಮಡಚಿ ಮಗಳ ಪಾಠದ ಪುಸ್ತಕದಲ್ಲಿ ಇಟ್ಟೆ.

ಎರಡು ಭಾನುವಾರ ಹಾಗೇ ಕಳೆದವು. ಮೂರನೆಯದರಂದು ಮೇಡಂ ನನ್ನ ಹಾಳೆಗಳನ್ನು ಎಣಿಸುತ್ತ, “ಅರವತ್ತೆರಡು ಅಂದಿದ್ರಿ. ಇಲ್ಲಿ ಅರವತ್ತೊಂದಿದೆ” ಎಂದರು.

ನಾನು ಅತ್ತುಬಿಟ್ಟೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬಯ್ಯುತ್ತಾರೆ ಎಂದುಕೊಂಡೆ. ಅವರು ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

“ಅವರನ್ನ ಬಿಟ್ಟು ಬರೆದ್ರೆ ವರದಿ ಚೆನ್ನಾಗಿ ಕಾಣುತ್ತೆ. ಆದ್ರೆ ಅವರಿಗೆ ಕೆಮ್ಮು ಯಾಕೆ ಬಂತು ಅನ್ನೋದು ನಿಮಗೆ ಯಾವತ್ತೂ ಗೊತ್ತಾಗಲ್ಲ. ಗೊತ್ತಾಗೋದು ಬೇಡ್ವಾ ನಿಮಗೆ?”

ಆ ಸಂಜೆ ಬಸಲಿಂಗವ್ವನ ಎದುರು ಕೂತು, ಬರೆದುಕೊಂಡ ಏಳು ಪ್ರಶ್ನೆಗಳನ್ನು ಬದಿಗಿಟ್ಟು ಕೇಳಿದೆ. “ಅಕ್ಕಾ, ಕಾರ್ಖಾನ್ಯಾಗ ನೀ ಮಾಡೂ ಕೆಲಸ ಒಂದೂ ಬಿಡದಂಗ ಹೇಳು.”

“ಏನೈತೆ, ಕಲ್ಲು ಸರಸೋದು, ಮಷಿನ್ ನಿಂತಿದ್ದಾಗ ಕೆಳಗಿನ ರಾಡಿ ಬಳಿಯೋದು.”

“ರಾಡಿ ಹಸೀದಲ್ಲ? ಅದರಾಗ ದೂಳು ಎಲ್ಲಿಂದ ಬರ್ತೈತಿ?”

“ಹಸೀದು ಯಾರು ಬಳೀತಾರ, ಕಸಬರಿಗಿಗೆ ಅಂಟಿಕೊಂತದ. ಒಣಗಿಂದ ಬಳೀತೀನಿ. ಹಿಟ್ಟಿನಂಗ ಆಗಿರ್ತದ. ಬಳಿಯೂಮುಂದ ನನ್ನ ಕೈ ನಂಗ ಕಾಣೂದಿಲ್ಲ.”

ಉಳಿದ ನಾಲ್ವರ ಮನೆಗೆ ಮರುದಿನವೇ ಹೋದೆ. ನಾಲ್ವರಲ್ಲಿ ಮೂವರು ರಾಡಿ ಬಳಿಯುವವರೇ, ಅಂದರೆ ಮಷಿನ್ನಿನ ಕೆಳಗೆ ಕೂಡುವ ಕಲ್ಲಿನ ಕೆಸರನ್ನು ಗುಡಿಸುವವರೇ. ಹೀಗಾಗಿ ನನ್ನ ವರದಿಗೆ ಎರಡು ತೀರ್ಮಾನಗಳಾದವು. ಕೊಯ್ಯುವಾಗ ನೀರು ಬಿಡಬೇಕು. ಒಣಗಿದ ರಾಡಿಯನ್ನು ನೀರು ಚಿಮುಕಿಸದೆ ಗುಡಿಸಬಾರದು. ನೀರು ಬಿಡುವ ಕಾರ್ಖಾನೆಯವರಿಗೂ ಗೊತ್ತಿರದ ಎರಡನೇ ಮಾತು, ನಾನು ಮುಚ್ಚಿಡಲು ಹೋದ ಹಾಳೆಯಿಂದ ಬಂದಿತ್ತು.

ವರದಿ ಮೂವತ್ತೆಂಟು ಪುಟವಾಯಿತು. ಆ ವರ್ಷ ಮೂವತ್ತೆರಡು ಜನರಲ್ಲಿ ಇಪ್ಪತ್ತಾರು ಜನ ಪಾಸಾದೆವು. ಮೇಡಂ ಎಲ್ಲ ವರದಿಗಳನ್ನೂ ಕಾಲೇಜಿನ ಜಾಲತಾಣಕ್ಕೆ ಹಾಕಿದರು. ಮುಂದೆ ಆದದ್ದನ್ನು ನಾನು ಎಣಿಸಿರಲಿಲ್ಲ. ಒಬ್ಬಳು ಆಡಿದ ಮಾತು ನಾಲ್ವರಿಗೆ ನಿಲ್ಲುವ ಊರಿನಲ್ಲಿ, ಒಬ್ಬಳು ಬರೆದದ್ದನ್ನು ಒಂದು ವಾರದಲ್ಲಿ ಇಡೀ ಊರು ಫೋನಿನಲ್ಲಿ ಓದಿತು. ಎಲ್ಲರೂ ಒಂದೇ ಸಂಖ್ಯೆಗಳನ್ನು ಹೇಳುತ್ತಿದ್ದರು. ಔಷಧದ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ನಲವತ್ತರಲ್ಲಿ ಇಪ್ಪತ್ತೊಂಬತ್ತು. ಯಾರ ಬಾಯಲ್ಲೂ ಅದು ಮೂವತ್ತಾಗಲಿಲ್ಲ, ಇಪ್ಪತ್ತೆಂಟಾಗಲಿಲ್ಲ.

ಒಣಗಲ್ಲಿನ ನಾಲ್ಕು ಕಾರ್ಖಾನೆಗಳೂ ಚನ್ನಮಲ್ಲಪ್ಪ ಸಾವಕಾರರವು. ನನ್ನ ಕೆಲಸವೂ ಅವುಗಳಲ್ಲಿ ಒಂದರಲ್ಲೇ. ಅವರು ಮರುಭಾನುವಾರವೇ ಕಾಲೇಜಿಗೆ ಬಂದರು. ಐವತ್ತೆಂಟು ವಯಸ್ಸು, ಬಿಳಿ ಧೋತರ, ಕೈಯಲ್ಲಿ ನನ್ನ ವರದಿಯ ಪ್ರಿಂಟು. ನಾನು ಹೊಸ ಬ್ಯಾಚಿನವರಿಗೆ ಸಹಾಯ ಮಾಡಲೆಂದು ಅಲ್ಲೇ ಇದ್ದೆ. ಸಾವಕಾರರು ನನ್ನ ಕಡೆ ನೋಡದೆ ಮೇಡಂಗೆ ಹೇಳಿದರು.

“ಇದೆಲ್ಲಾ ಖೊಟ್ಟಿ. ಇದಕ್ಕ ನಾ ಉತ್ತರಾ ಬರೀಬೇಕು. ಇದರಂಗ, ನಂಬರ್ ಸಮೇತ. ಹ್ಯಾಂಗ ಬರೀಬೇಕು, ಹೇಳಿಕೊಡ್ರಿ.”

“ಬುಧವಾರ ಪಾಠ ಕಳಿಸ್ತೀನಿ, ನೋಡ್ಕೊಂಡು ಭಾನುವಾರ ಬನ್ನಿ. ಅಲ್ಲಿ, ನೀಲಗಂಗಾ ಅವರ ಗುಂಪಲ್ಲಿ ಒಂದು ಜಾಗ ಖಾಲಿ ಇದೆ” ಎಂದರು ಮೇಡಂ.

ಅವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. “ಮೇಡಂ, ಅವರಿಗೂ ಕಲಿಸ್ತೀರೇನ್ರಿ? ನನ್ನ ಬರಹ ಸುಳ್ಳು ಅಂತ ಹೇಳಾಕ ಕಲೀತಾರ ಅವರು!”

“ನಿಮಗೆ ಕಲಿಸಿದ್ದನ್ನೇ ಕಲಿಸ್ತೀನಿ. ನಿಮ್ಮ ವರದಿ ಸರಿ ಇದ್ರೆ ಅದಕ್ಕೆ ಭಯ ಯಾಕೆ?” ಎಂದರು. ಅವರ ಮುಖದಲ್ಲಿ ನಗು ಇರಲಿಲ್ಲ, ಹಟವೂ ಇರಲಿಲ್ಲ. ನಾನು ಆ ವಾರವೆಲ್ಲ ಅವರ ಜೊತೆ ಮಾತು ಬಿಟ್ಟೆ. ಬುಧವಾರದ ಪಾಠ ಮಾತ್ರ ಕೇಳಿದೆ.

ಸಾವಕಾರರು ಭಾನುವಾರ ಹೊಸ ನೋಟುಬುಕ್ಕು ಹಿಡಿದು ಬಂದರು. ಕಾಲೇಜಿನ ಕಿರಿದಾದ ಬೆಂಚಿನಲ್ಲಿ ಮೊಣಕಾಲು ಹಿಡಿಸದೆ ಓರೆಯಾಗಿ ಕೂತು ಬರೆದರು. ‘ನಮ್ಮ ಕಾರ್ಖಾನೆಗಳಲ್ಲಿ ಯಾವ ತೊಂದರೆಯೂ ಇಲ್ಲವೆಂಬುದು ಜಗಜ್ಜಾಹೀರು.’

ಮೇಡಂ ಓದಿ, “ಜಗತ್ತಲ್ಲಿ ಯಾರ‍್ಯಾರನ್ನ ಕೇಳಿದ್ರಿ?” ಎಂದರು. ನನಗೆ ನಗು ಬಂತು, ತುಟಿ ಕಚ್ಚಿ ಹಿಡಿದೆ. ಆದರೆ ಸಾವಕಾರರು ಸಿಟ್ಟಾಗಲಿಲ್ಲ. ತಲೆ ಕೆರೆದುಕೊಂಡು, “ಕೇಳಿಲ್ಲ. ಕೇಳ್ತೀನಿ” ಎಂದರು.

ಮುಂದಿನ ವಾರ ಗೆದ್ದವರ ಹಾಗೆ ಬಂದರು. ನಲವತ್ತು ಹೆಂಗಸರನ್ನೂ ಒಬ್ಬೊಬ್ಬರನ್ನಾಗಿ ತಮ್ಮ ಕೋಣೆಗೆ ಕರೆಸಿ ಕೇಳಿದ್ದರಂತೆ. ಕೆಮ್ಮು ಇದೆ ಎಂದವರು ಒಬ್ಬರೂ ಇಲ್ಲ. ‘ನಲವತ್ತರಲ್ಲಿ ಸೊನ್ನೆ’ ಎಂದು ದಪ್ಪಗೆ ಬರೆದು ಅಡಿಗೆರೆ ಎಳೆದಿದ್ದರು. ಮೇಡಂ ನೋಟುಬುಕ್ಕನ್ನು ನನ್ನ ಕಡೆ ತಳ್ಳಿದರು. “ನೀವು ನೋಡಿ ಹೇಳಿ.”

ಸಾವಕಾರರ ಎದುರು ನಾನು ಅದುವರೆಗೆ ಕೂತು ಮಾತಾಡಿದವಳಲ್ಲ. ನೋಟುಬುಕ್ಕಿನಿಂದ ಕಣ್ಣು ಎತ್ತದೆ ಹೇಳಿದೆ. “ಸಾವಕಾರ್ರ, ಕೇಳಿದವರು ನೀವು. ಕೇಳಿದ್ದು ನಿಮ್ಮ ಖೋಲ್ಯಾಗ. ಕೆಮ್ಮೈತಿ ಅಂದ್ರ ನಾಳೆ ಕೆಲಸ ಇರ್ತೈತೋ ಇಲ್ಲೋ ಅಂತ ಅವರಿಗೆ ಅಂಜಿಕಿ ಬರೂದಿಲ್ಲೇನ್ರಿ? ಇದನ್ನ ಓದಿದವರು ಮೊದಲು ಅದನ್ನೇ ಕೇಳ್ತಾರ.”

ಅವರು ನೋಟುಬುಕ್ಕನ್ನು ತಮ್ಮ ಕಡೆ ಎಳೆದುಕೊಂಡರು. ಮೇಡಂ ಕಡೆ ತಿರುಗಿ, “ಹಂಗಾರ ಹ್ಯಾಂಗ ಮಾಡ್ಲಿ?” ಎಂದರು.

“ಏನೂ ಕೇಳಬೇಡಿ. ಒಂದು ದಿನ ಮಷಿನ್ ಹತ್ರ ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ. ನೋಡಿದ್ದನ್ನ ಬರ‍್ಕೊಳ್ಳಿ, ಅಷ್ಟೇ.”

ಮಂಗಳವಾರ ಅವರು ನಿಜವಾಗಿಯೂ ಬಂದು ಕೂತರು. ನಾನು ಗೆರೆ ಹಾಕುತ್ತ ನೋಡುತ್ತಿದ್ದೆ. ಬೆಳಿಗ್ಗೆ ಎಂಟಕ್ಕೆ ಪ್ಲಾಸ್ಟಿಕ್ ಕುರ್ಚಿ, ತೊಡೆಯ ಮೇಲೆ ನೋಟುಬುಕ್ಕು. ಮೊದಲ ತಾಸು ಹೆಂಗಸರು ಕೆಮ್ಮನ್ನು ಸೆರಗಿನಲ್ಲಿ ಒತ್ತಿ ಹಿಡಿದರು. ಕೆಮ್ಮು ಎಷ್ಟು ಹೊತ್ತು ಹಿಡಿದರೆ ನಿಲ್ಲುತ್ತದೆ? ಹತ್ತರ ಹೊತ್ತಿಗೆ ಒಬ್ಬೊಬ್ಬರಾಗಿ ಸೋತರು. ಸಾವಕಾರರು ಒಂದೊಂದಕ್ಕೂ ಒಂದು ಗೀಟು ಹಾಕುತ್ತಿದ್ದರು. ಧೋತರದ ಬಿಳುಪು ಮಧ್ಯಾಹ್ನಕ್ಕೆ ಬೂದುಬಣ್ಣಕ್ಕೆ ತಿರುಗಿತು. ಊಟಕ್ಕೆ ಎದ್ದುಹೋಗುತ್ತಾರೆ ಎಂದುಕೊಂಡೆವು, ಹೋಗಲಿಲ್ಲ. ಎರಡು ಗಂಟೆಯ ಸುಮಾರಿಗೆ ಅವರ ಭುಜ ಒಮ್ಮೆ ಅಲ್ಲಾಡಿತು, ಮತ್ತೊಮ್ಮೆ ಅಲ್ಲಾಡಿತು. ಬಾಯಿಗೆ ಟವೆಲು ಒತ್ತಿಕೊಂಡು ಬಗ್ಗಿದರು. ದೂರದಲ್ಲಿದ್ದ ನನಗೆ ಕೇಳಿಸಲಿಲ್ಲ. ಹತ್ತಿರವಿದ್ದ ನಾಲ್ವರು ಹೆಂಗಸರು ಕೆಲಸ ನಿಲ್ಲಿಸಿ ಅವರತ್ತ ತಿರುಗಿದ್ದು ಮಾತ್ರ ಕಂಡಿತು. ಒಬ್ಬಳು ತನ್ನ ತಂಬಿಗೆಯ ನೀರು ಕೊಟ್ಟಳು.

ಭಾನುವಾರ ಅವರು ನಮ್ಮ ಗುಂಪಿನಲ್ಲಿ ಕೂತು ತಗ್ಗಿದ ದನಿಯಲ್ಲಿ ಹೇಳಿದರು. “ಹದಿನಾಲ್ಕು ಮಂದಿಯೊಳಗ ಹನ್ನೊಂದು ಮಂದಿ. ನೂರಕ್ಕ ಎಷ್ಟು ಅಂತ ಲೆಕ್ಕ ಹಾಕಿದ್ರ ನೀಲಗಂಗಾ ಬರೆದಿದ್ದಕ್ಕಿಂತ ನಂದು ಜಾಸ್ತೀನ ಬಂತು. ಮತ್ತ ಮೇಡಂ, ಎರಡು ಗಂಟೆಕ್ಕ ನಾನೂ ಕೆಮ್ಮಿದೆ. ಅದನ್ನ ಬರೀಲೋ ಬ್ಯಾಡೋ?”

“ನೀವೇ ಹೇಳಿ” ಎಂದರು ಮೇಡಂ.

ಅವರು ಪೆನ್ನು ತೆರೆದು ಬರೆದರು. ‘ಮಧ್ಯಾಹ್ನ 2 ಗಂಟೆಗೆ, ಆರು ತಾಸು ಕುಳಿತ ನಂತರ, ಈ ಬರಹಗಾರನಿಗೂ ಕೆಮ್ಮು ಬಂದಿತು.’ ಅವರ ಅಕ್ಷರ ಮಕ್ಕಳ ಅಕ್ಷರದಂತೆ ದುಂಡಗೆ, ಬಿಡಿಬಿಡಿಯಾಗಿತ್ತು. ಆ ವಾಕ್ಯ ಬರೆಯಲು ಎಷ್ಟು ಕಷ್ಟವಾಗಿರಬೇಕೆಂದು ನನಗೆ ಗೊತ್ತಿತ್ತು. ನಾನೂ ಒಂದು ಹಾಳೆ ಮಡಚಿಟ್ಟವಳು.

ಹದಿನೈದು ದಿನದಲ್ಲಿ ನಾಲ್ಕೂ ಕಾರ್ಖಾನೆಗಳ ಮಷಿನ್ನುಗಳಿಗೆ ನೀರಿನ ಪೈಪು ಬಂತು. ಸಂಜೆ ಕೆಲಸ ಮುಗಿದ ಮೇಲೆ ರಾಡಿಗೆ ನೀರು ಚಿಮುಕಿಸಬೇಕೆಂದು ಆಳುಗಳಿಗೆ ಅಪ್ಪಣೆಯೂ ಆಯಿತು. ಸಾವಕಾರರು ಕ್ಲಾಸಿಗೆ ಬರುವುದನ್ನು ಬಿಟ್ಟರು. ಮೇಡಂ ತಾವೇ ಅವರಿಗೆ ಫೋನು ಮಾಡಿ ಕರೆಸಿದರು.

“ನಿಮ್ಮ ವರದಿಗೆ ತೀರ್ಮಾನ ಇಲ್ಲ.”

“ಪೈಪ್ ಹಾಕಿಸೀನಲ್ರಿ, ಇನ್ನೇನು ತೀರ್ಮಾನ?”

“ಪೈಪು ನಿಮ್ಮ ಕಾರ್ಖಾನೆಯಲ್ಲಿದೆ. ಬೇರೆ ಊರಲ್ಲಿ ಕಲ್ಲು ಕೊಯ್ಯೋರಿಗೆ ಅದು ಕಾಣಲ್ಲ. ಬರೀರಿ.”

ಅವರು ಗೊಣಗುತ್ತಲೇ ಕೂತು ಅರ್ಧ ಪುಟ ಬರೆದರು. ಈಗ ಆ ಎರಡೂ ವರದಿಗಳು ಜಾಲತಾಣದಲ್ಲಿ ಒಂದರ ಕೆಳಗೊಂದು ಇವೆ. ಎಲ್ಲೆಲ್ಲಿಂದಲೋ ಓದಿದವರು ಕಾಲೇಜಿಗೆ ಪತ್ರ ಬರೆಯುತ್ತಾರೆ.

ಬಸಲಿಂಗವ್ವನ ಕೆಮ್ಮು ಪೂರ್ತಿ ಹೋಗಲಿಲ್ಲ. ಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ಹೆಚ್ಚಾಗದಂತೆ ನೋಡಿಕೊಳ್ಳಬೇಕಂತೆ. ಅವಳು ಈಗ ಮನೆಯಲ್ಲೇ ಇರುತ್ತಾಳೆ. ಒಂದು ದಿನ ಬಿಸಿಲಿಗೆ ಮೆಣಸಿನಕಾಯಿ ಹರವುತ್ತ, “ಊರೆಲ್ಲಾ ಓದೇತಿ, ನಂಗ ಒಮ್ಮೀನೂ ಓದಿ ಹೇಳಲಿಲ್ಲ ನೀನು” ಎಂದಳು. ಅವಳಿಗೆ ಓದು ಬರದು. ನಾನು ನಾಚಿಕೊಂಡು ಒಳಗಿನಿಂದ ವರದಿ ತಂದು ಮೊದಲ ಪುಟದಿಂದ ಓದತೊಡಗಿದೆ. ಅವಳು ಮೆಣಸಿನಕಾಯಿ ಬಿಟ್ಟು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳಿದಳು. ಇಪ್ಪತ್ತಾರನೇ ಪುಟಕ್ಕೆ ಬಂದಾಗ ಕಣ್ಣು ತೆರೆದಳು.

“ಏನಂದಿ? ಮತ್ತೊಮ್ಮೆ ಓದು.”

“‘ಸಂಜೆ ಕೆಲಸ ಮುಗಿದ ಮೇಲೆ ಒಣಗಿದ ರಾಡಿಯನ್ನು ಗುಡಿಸುವ ಹೆಂಗಸರಲ್ಲಿ...’”

“ಸಂಜೀಕ ಎಲ್ಲಿ ಒಣಗಿರ್ತದ? ದಿನಾ ಪೂರಾ ನೀರು ಹರದಿರ್ತದ, ಸಂಜೀಕ ಕೆಸರು ಇರ್ತದ. ಇಡೀ ರಾತ್ರಿ ಬಿಟ್ಟು, ಮುಂಜಾನೆ ಮಷಿನ್ ಚಾಲೂ ಆಗೂಕಿಂತ ಮೊದಲ ಬಳೀತಿದ್ದೆ ನಾನು. ಸಂಜೀಕ ನೀರು ಹಾಕಿದ್ರ ಏನುಪಯೋಗ? ಮುಂಜಾನಿಗೆ ಮತ್ತ ಹಿಟ್ಟ!”

‘ಮಷಿನ್ ನಿಂತಿದ್ದಾಗ’ ಎಂದು ಅವಳು ಹೇಳಿದ್ದಳು. ಸಂಜೆ ಎಂದು ಸೇರಿಸಿದವಳು ನಾನು. ನೂರಾರು ಜನ ಓದಿದ್ದರು, ಹೊರಗಿನ ಪರೀಕ್ಷಕರು ತಿದ್ದಿದ್ದರು, ಮೇಡಂ ಮೂರು ಸಲ ನೋಡಿದ್ದರು. ಯಾರಿಗೂ ಕಾಣದ ತಪ್ಪು ಅವಳಿಗೆ ಒಂದೇ ಸಲ ಕೇಳಿದ್ದಕ್ಕೆ ಸಿಕ್ಕಿತ್ತು. ನನ್ನ ಆ ಒಂದು ಪದವನ್ನು ನಂಬಿ ನಾಲ್ಕು ಕಾರ್ಖಾನೆಗಳಲ್ಲಿ ದಿನವೂ ಸಂಜೆ ವ್ಯರ್ಥವಾಗಿ ನೀರು ಚೆಲ್ಲುತ್ತಿದ್ದರು, ಬೆಳಿಗ್ಗೆ ಹೆಂಗಸರು ಅದೇ ದೂಳನ್ನು ಕುಡಿಯುತ್ತಿದ್ದರು.

ಚಪ್ಪಲಿ ಮೆಟ್ಟಿಕೊಂಡು ನೇರವಾಗಿ ಮೇಡಂ ಮನೆಗೆ ಹೋದೆ. ಅವರು ಮರುದಿನದ ಪಾಠ ರೆಕಾರ್ಡ್ ಮಾಡಲು ಗೋಡೆಗೆ ಒರಗಿ ಕೂತಿದ್ದರು. ನಾನು ಹೇಳಿದ್ದನ್ನು ಕೇಳಿ ಫೋನು ಕೆಳಗಿಟ್ಟು, “ನಾನೂ ಕೇಳಬೇಕಿತ್ತು, ಎಷ್ಟು ಹೊತ್ತಿಗೆ ಅಂತ. ಕೇಳಲಿಲ್ಲ ನೋಡಿ” ಎಂದು ಹಣೆ ಒತ್ತಿಕೊಂಡರು. ಆಮೇಲೆ ಒಂದು ಹಾಳೆ ತೆಗೆದುಕೊಟ್ಟರು. ತಿದ್ದುಪಡಿಯನ್ನು ಹೇಗೆ ಬರೆಯಬೇಕೆಂದು ಅವರು ಹೇಳಿಕೊಡಲಿಲ್ಲ, ನಾನೂ ಕೇಳಲಿಲ್ಲ. ವರದಿಯಲ್ಲಿ ಕೆಲಸಗಾರರ ಹೆಸರು ಹಾಕಬಾರದೆಂಬ ನಿಯಮವಿದೆ, ಮೂವತ್ತೆಂಟು ಪುಟಗಳಲ್ಲೂ ಬಸಲಿಂಗವ್ವ ಒಂದು ಸಂಖ್ಯೆ ಮಾತ್ರ. ಆದರೆ ತಪ್ಪು ತೋರಿಸಿಕೊಟ್ಟವರ ಹೆಸರು ಹೇಳಲೇಬೇಕು. ಮೇಡಂ ಮನೆಯಿಂದಲೇ ಅವಳಿಗೆ ಫೋನು ಮಾಡಿ ಕೇಳಿದೆ. “ಹಾಕು. ಅಡ್ಡಹೆಸರೂ ಹಾಕು” ಎಂದಳು.

ನಾನು ಬರೆದೆ. ‘ಈ ವರದಿಯ ಇಪ್ಪತ್ತಾರನೇ ಪುಟದಲ್ಲಿ ಒಂದು ತಪ್ಪಿದೆ. ರಾಡಿ ಗುಡಿಸುವುದು ಸಂಜೆಯಲ್ಲ, ಬೆಳಿಗ್ಗೆ. ಆದ್ದರಿಂದ ನೀರನ್ನು ಬೆಳಿಗ್ಗೆ, ಗುಡಿಸುವುದಕ್ಕೆ ಮೊದಲು ಚಿಮುಕಿಸಬೇಕು. ಇದನ್ನು ತೋರಿಸಿಕೊಟ್ಟವರು, ಇಪ್ಪತ್ತು ವರ್ಷ ಈ ಕೆಲಸ ಮಾಡಿದ ಶ್ರೀಮತಿ ಬಸಲಿಂಗವ್ವ ಹೂಲಿಕಟ್ಟಿ.’